ಬೆಂಗಳೂರಲ್ಲಿ ಮೊದಲ ಕೆಲಸ, ಯಾವ ಏರಿಯಾದಲ್ಲಿ ಮನೆ ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 2011ರಲ್ಲಿ ಸಾಗರದಿಂದ ಬೆಂಗಳೂರಿಗೆ ಬಂದೆ, ಅಲ್ಲಿಂದ ಇಲ್ಲೀವರೆಗೆ ಆರು ಮನೆ ಬದಲಾಯ್ಸಿದ್ದೀನಿ. ಪ್ರತಿ ವರ್ಷ ಕಾಲೇಜು ಮುಗಿಯೋ ಹೊತ್ತಿಗೆ ಊರಿನ ಹುಡುಗ್ರು, ಅಕ್ಕನ ಮಕ್ಕಳು, ಅವರ ಫ್ರೆಂಡ್ಸು ಎಲ್ಲ ಫೋನ್ ಮಾಡಿ, ಮೆಸೇಜ್ ಹಾಕಿ ಇವೇ ಪ್ರಶ್ನೆ ಕೇಳ್ತಾರೆ. ಅವರು ಕೇಳಿದ ಹಾಗೇ ಪ್ರಶ್ನೆ ಇಟ್ಟು ನನಗೆ ಗೊತ್ತಿರೋ ಉತ್ತರ ಬರ್ದಿದ್ದೀನಿ.

## ಊರು ಬಿಡೋ ಮುಂಚೆ

ಅಣ್ಣ, ಸೋಮವಾರ ಜಾಯ್ನಿಂಗ್, ಇಲ್ಲೇ ಕೂತು ಫೋಟೋ ನೋಡಿ ಮನೆಗೆ ಅಡ್ವಾನ್ಸ್ ಹಾಕ್ಬಿಡ್ಲಾ?

ದಯವಿಟ್ಟು ಬೇಡ. ಫೋಟೋದಲ್ಲಿ ನೀರು ಕಾಣಲ್ಲ, ಪಕ್ಕದ ಸೈಟಲ್ಲಿ ಶುರುವಾಗಿರೋ ಕಟ್ಟಡದ ಸದ್ದು ಕೇಳಲ್ಲ, ಬೆಳಿಗ್ಗೆ ಎಂಟೂವರೆಗೆ ಆ ರಸ್ತೆ ಹೇಗಿರತ್ತೆ ಅಂತ ಗೊತ್ತಾಗಲ್ಲ. ಎಷ್ಟೋ ಸಲ ಆ ಮನೆನೇ ಇರಲ್ಲ, ಟೋಕನ್ ಅಂತ ಐದು ಸಾವಿರ ಹಾಕಿಸ್ಕೊಂಡು ಫೋನ್ ಸ್ವಿಚ್ ಆಫ್ ಮಾಡ್ತಾರೆ. ಆಫೀಸಿಗೆ ನಡ್ಕೊಂಡು ಹೋಗೋ ದೂರದಲ್ಲಿ ಮೊದಲು ಪಿಜಿ (ಊಟ ಸಮೇತ ಬಾಡಿಗೆ ರೂಮು) ಹಿಡೀರಿ, ಅದಕ್ಕೂ ಬಂದು ನೋಡಿದ ಮೇಲೇ ದುಡ್ಡು ಕೊಡಿ. ಮೊದಲ ಎರಡು ದಿನಕ್ಕೆ ಯಾರ ಮನೆಲಾದ್ರೂ ಉಳ್ಕೊಳ್ಳಿ, ಬೆಂಗಳೂರಲ್ಲಿ ಒಬ್ಬ ಚಿಕ್ಕಪ್ಪನೋ ಸೀನಿಯರೋ ಇಲ್ಲದವರು ನಮ್ಮ ಕಡೆ ಕಮ್ಮಿ.

ಪಿಜಿನೇ ಸಾಕಾ, ಮನೆ ಮಾಡ್ಬೇಕಾ?

ಮೊದಲ ಮೂರು ತಿಂಗಳು ಪಿಜಿ ಸಾಕು. ಊಟ ಹೇಗಿದ್ರೂ ಸಿಗತ್ತೆ, ಗ್ಯಾಸು, ಹಾಲು, ಕಸ ಅಂತ ತಲೆಬಿಸಿ ಇಲ್ಲ, ಮುಖ್ಯವಾಗಿ ಬೇಡ ಅನ್ಸಿದ್ರೆ ಒಂದು ತಿಂಗಳ ನೋಟಿಸಲ್ಲಿ ಎದ್ದು ಹೋಗ್ಬಹುದು. ಆ ಮೂರು ತಿಂಗಳಲ್ಲಿ ಆಫೀಸಲ್ಲಿ ನಿಮಗೆ ಹೊಂದೋ ಒಬ್ಬಿಬ್ರು ಸಿಗ್ತಾರೆ, ಆಮೇಲೆ ಇಬ್ರು ಸೇರಿ 1ಬಿಎಚ್‌ಕೆ ಅಥವಾ ಮೂವರು ಸೇರಿ 2ಬಿಎಚ್‌ಕೆ ಮಾಡಿದ್ರೆ ತಲೆಗೆ ಬೀಳೋ ಖರ್ಚು ಪಿಜಿ ಹತ್ರಾನೇ ಬರತ್ತೆ. ಒಬ್ಬರೇ ಮನೆ ಮಾಡೋದು ಆಸೆ ಇರತ್ತೆ, ನನಗೂ ಇತ್ತು, ಆದ್ರೆ ಜ್ವರ ಬಂದಾಗ ಗಂಜಿ ಕೊಡೋಕೆ ಒಬ್ರು ಬೇಕಾಗತ್ತೆ.

ಸಂಬಳದಲ್ಲಿ ಬಾಡಿಗೆಗೆ ಎಷ್ಟು ಹೋಗ್ಬಹುದು?

ಆಫರ್ ಲೆಟರಲ್ಲಿ ಬರ್ದಿರೋ ಸಿಟಿಸಿ (ಕಂಪನಿ ನಿಮಗೆ ಮಾಡೋ ವರ್ಷದ ಒಟ್ಟು ಖರ್ಚು) ನೋಡಿ ಲೆಕ್ಕ ಹಾಕ್ಬೇಡಿ, ಪಿಎಫ್ ಎಲ್ಲ ಕಳೆದು ಬ್ಯಾಂಕಿಗೆ ಬಿದ್ದಿದ್ದನ್ನ ನೋಡಿ. ನಾನು ಹೇಳೋದು ಬಾಡಿಗೆ, ಮೇಂಟೆನೆನ್ಸ್, ಓಡಾಟ ಮೂರೂ ಸೇರಿ ಕೈಗೆ ಬಂದಿದ್ದರ ಮೂರನೇ ಒಂದು ಭಾಗ ದಾಟ್ಬಾರ್ದು. 36,000 ಬರ್ತಿದ್ರೆ 12,000. ಓಡಾಟನ ಯಾಕೆ ಸೇರಿಸ್ತೀನಿ ಅಂದ್ರೆ, ದೂರದ ಏರಿಯಾಲಿ ಬಾಡಿಗೆ 3,000 ಕಮ್ಮಿ ಅಂತ ಹೋದವರು ಅದೇ ದುಡ್ಡನ್ನ ಆಟೋಗೆ ಕೊಡ್ತಾರೆ. 2025ರ ಫೆಬ್ರವರಿಲಿ ದರ ಏರಿಸಿದಾಗ ಮೆಟ್ರೋ ಕನಿಷ್ಠ ಟಿಕೆಟ್ 10 ರೂಪಾಯಿ, ಗರಿಷ್ಠ 90 ಆಯ್ತು. ದಿನಾ ಆ 90ರ ಲೆಕ್ಕದಲ್ಲಿ ಹೋಗಿ ಬಂದ್ರೆ ತಿಂಗಳ 22 ದಿನಕ್ಕೆ 3,960 ಆಗತ್ತೆ. ಸ್ಮಾರ್ಟ್ ಕಾರ್ಡಿಗೆ 5 ಪರ್ಸೆಂಟ್ ಡಿಸ್ಕೌಂಟ್ ಇದೆ, ಅದನ್ನಂತೂ ಮಾಡಿಸ್ಕೊಳ್ಳಿ.

## ಓಡಾಟದ ವಿಷಯ

ಮ್ಯಾಪಲ್ಲಿ 12 ಕಿಲೋಮೀಟರ್ ತೋರ್ಸತ್ತೆ, ಅರ್ಧ ಗಂಟೆ ಸಾಕಲ್ವಾ?

ನಮ್ಮೂರ ಲೆಕ್ಕದಲ್ಲಿ ಸಾಕು, ಇಲ್ಲಿ ಸಾಕಾಗಲ್ಲ. ಮ್ಯಾಪನ್ನ ರಾತ್ರಿ ಹತ್ತಕ್ಕೆ ನೋಡ್ಬೇಡಿ, ಹೊರಡೋ ಟೈಮ್ ಮಂಗಳವಾರ ಬೆಳಿಗ್ಗೆ ಒಂಬತ್ತು ಅಂತ ಹಾಕಿ ನೋಡಿ, ವಾಪಸ್ ಬರೋದನ್ನ ಸಂಜೆ ಆರೂವರೆಗೆ ಹಾಕಿ ನೋಡಿ. ಆಮೇಲೆ ಒಂದು ದಿನ ನಿಜವಾಗ್ಲೂ ಹೋಗಿ ಬನ್ನಿ, ಬಸ್ಸಲ್ಲೇ ಹೋಗಿ, ಸ್ನೇಹಿತನ ಬೈಕಲ್ಲಿ ಬೇಡ.

ನನ್ನ ಮೊದಲ ಮನೆ ಮತ್ತಿಕೆರೆಲಿ, ಆಫೀಸು ಮಾರತ್ತಹಳ್ಳಿ ಹತ್ರ. ಕ್ಲಾಸ್‌ಮೇಟ್‌ಗಳೆಲ್ಲ ಮತ್ತಿಕೆರೆಲಿದ್ರು ಅಂತ ಅಲ್ಲೇ ಸೇರ್ಕೊಂಡೆ. ಆ ವರ್ಷ ಮೆಟ್ರೋ ಎಂಜಿ ರೋಡಿಂದ ಬೈಯಪ್ಪನಹಳ್ಳಿವರೆಗೆ ಅಷ್ಟೇ ಶುರುವಾಗಿದ್ದು, ಹಾಗಾಗಿ ಎರಡು ಬಸ್ಸು, ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ. ತಿಂಗಳಿಗೆ 66 ಗಂಟೆ ಬಸ್ಸಲ್ಲೇ ಕಳೀತಿದ್ದೆ, ಶನಿವಾರ ಪೂರ್ತಿ ಮಲ್ಗಿರ್ತಿದ್ದೆ, ಯಾವ ಕ್ಲಾಸ್‌ಮೇಟ್‌ಗೋಸ್ಕರ ಅಲ್ಲಿ ಸೇರ್ಕೊಂಡ್ನೋ ಅವರ ಜೊತೆ ಒಂದು ಕಾಫಿ ಕುಡಿಯೋಕೂ ಆಗ್ತಿರ್ಲಿಲ್ಲ. ಐದೇ ತಿಂಗಳಿಗೆ ಖಾಲಿ ಮಾಡಿದೆ, ಅಡ್ವಾನ್ಸಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೋಯ್ತು. ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ 45 ನಿಮಿಷ, ಅದಕ್ಕಿಂತ ಜಾಸ್ತಿ ಆದ್ರೆ ಮನೆ ಎಷ್ಟು ಚೆನ್ನಾಗಿದ್ರೂ ಬೇಡ ಅಂತ ಅವತ್ತೇ ತೀರ್ಮಾನ ಮಾಡ್ದೆ, ಇವತ್ತಿಗೂ ಅದನ್ನೇ ಎಲ್ಲರಿಗೂ ಹೇಳ್ತೀನಿ.

ಬ್ರೋಕರ್ "ಮೆಟ್ರೋ ಹತ್ರಾನೇ ಸಾರ್" ಅಂತಾರೆ, ಹತ್ರ ಅಂದ್ರೆ ಎಷ್ಟು?

ನಡೆದು 10 ನಿಮಿಷ, ಜಾಸ್ತಿ ಅಂದ್ರೆ 15. ಅದಕ್ಕಿಂತ ದೂರ ಆದ್ರೆ ದಿನಾ ಆಟೋ ಹುಡುಕ್ತೀರಿ, ಮಳೆ ಬಂದ ದಿನ ಆಟೋ ಸಿಗಲ್ಲ. ನಡೆದು ನೋಡುವಾಗ ಫುಟ್‌ಪಾತ್ ಇದೆಯಾ, ಮೇನ್ ರೋಡ್ ದಾಟೋಕೆ ಜಾಗ ಇದೆಯಾ ಅನ್ನೋದನ್ನೂ ನೋಡಿ, ಕೆಲವು ಕಡೆ ಸ್ಟೇಷನ್ ಕಣ್ಣೆದುರಿಗೇ ಇರತ್ತೆ, ದಾಟೋಕೆ ಹತ್ತು ನಿಮಿಷ ಬೇಕು. ಇನ್ನೊಂದು, ಮುಂದೆ ಬರೋ ಮೆಟ್ರೋ ತೋರಿಸಿ ಇವತ್ತು ಬಾಡಿಗೆ ಜಾಸ್ತಿ ಕೇಳಿದ್ರೆ ಕೊಡ್ಬೇಡಿ. ಎರಡನೇ ಹಂತಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಿದ್ದು, ಅದರಲ್ಲಿದ್ದ ಹಳದಿ ಲೈನ್ ಓಡಿದ್ದು 2025ರ ಆಗಸ್ಟಲ್ಲಿ.

ಎಲೆಕ್ಟ್ರಾನಿಕ್ ಸಿಟಿಲಿ ಕೆಲಸ. ಅಲ್ಲೇ ಇರ್ಬೇಕಾ?

ಮುಂಚೆ ಹೌದು ಅಂತಿದ್ದೆ, ಈಗ ಬೇರೆ ದಾರಿ ಇದೆ. ಹಳದಿ ಲೈನ್ ಆರ್‌ವಿ ರೋಡಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ಸ್ಟೇಷನ್, ಸಿಲ್ಕ್ ಬೋರ್ಡ್ ಜಂಕ್ಷನ್ ಮೇಲೇ ಹೋಗತ್ತೆ, ಕೆಳಗೆ ಎಷ್ಟೇ ಟ್ರಾಫಿಕ್ ಜಾಮ್ ಆಗಿದ್ರೂ ನಿಮಗೆ ಸಂಬಂಧ ಇಲ್ಲ. ಶುರುವಲ್ಲಿ 25 ನಿಮಿಷಕ್ಕೊಂದು ಟ್ರೈನ್ ಇತ್ತು, ಹೊಸ ಟ್ರೈನ್ ಬಂದ ಹಾಗೆ ಕಾಯೋದು ಕಮ್ಮಿ ಆಗಿದೆ. ಹಾಗಾಗಿ ಬಾಡಿಗೆ ಕಮ್ಮಿ ಬೇಕು ಅಂದ್ರೆ ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್ ಕಡೆ ನೋಡಿ, ಊರಿನ ವಾತಾವರಣ ಬೇಕು ಅಂದ್ರೆ ಜಯನಗರ, ಬನಶಂಕರಿ ಕಡೆ ಇದ್ದು ಆರ್‌ವಿ ರೋಡಲ್ಲಿ ಟ್ರೈನ್ ಹತ್ತಿ. ಜಯನಗರದಲ್ಲಿ ಹಳೇ ಮನೆಗಳ ಮೇಲಿನ ಒಂದು ರೂಮು, ಔಟ್‌ಹೌಸ್ ಥರದ್ದು ಈಗ್ಲೂ ಸಿಗತ್ತೆ, ಆ್ಯಪಲ್ಲಿ ಬರಲ್ಲ, ಗೇಟಿಗೆ ಟು-ಲೆಟ್ ಬೋರ್ಡ್ ನೇತಾಕಿರ್ತಾರೆ, ಭಾನುವಾರ ಬೆಳಿಗ್ಗೆ ಕಾಲ್ನಡಿಗೆಲಿ ಬೀದಿ ಬೀದಿ ಸುತ್ತಿದವರಿಗೇ ಸಿಗೋದು.

ವೈಟ್‌ಫೀಲ್ಡ್ ಆಫೀಸು, ಆದ್ರೆ ನನಗೆ ವಿಜಯನಗರದಲ್ಲೇ ಇರ್ಬೇಕು ಅಂತ ಆಸೆ. ಆಗತ್ತಾ?

ಆಗತ್ತೆ, ವಾರಕ್ಕೆ ಎರಡು ದಿನ ಆಫೀಸ್ ಇದ್ರೆ. ನೇರಳೆ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 2023ರ ಅಕ್ಟೋಬರಲ್ಲಿ ಪೂರ್ತಿ ಆಯ್ತು, ಸುಮಾರು 43 ಕಿಲೋಮೀಟರ್, ಮಧ್ಯೆ ಟ್ರೈನ್ ಬದಲಾಯ್ಸೋದು ಬೇಕಿಲ್ಲ. ಆದ್ರೆ ವಿಜಯನಗರದಿಂದ ಐಟಿಪಿಎಲ್ ಟೆಕ್ ಪಾರ್ಕ್ ಹತ್ರದ ಪಟ್ಟಂದೂರು ಅಗ್ರಹಾರಕ್ಕೆ ಒಂದು ಗಂಟೆ ಮೇಲೇ ಬೇಕು, ಮೆಜೆಸ್ಟಿಕ್‌ಲಿ ನುಗ್ಗೋ ಜನದ ಮಧ್ಯೆ ನಿಂತ್ಕೊಂಡೇ. ಐದೂ ದಿನ ಹೋಗ್ಬೇಕಿದ್ರೆ ಹೂಡಿ, ಗರುಡಾಚಾರ್‌ಪಾಳ್ಯ, ಕೆಆರ್ ಪುರ, ಇಲ್ಲಾಂದ್ರೆ ಬೈಯಪ್ಪನಹಳ್ಳಿ ಕಡೆ ನೋಡಿ.

ಬೆಳ್ಳಂದೂರು, ಮಾನ್ಯತಾ ಟೆಕ್ ಪಾರ್ಕ್ ಕಡೆ ಮೆಟ್ರೋನೇ ಇಲ್ವಲ್ಲ, ಅಲ್ಲಿ ಕೆಲಸ ಸಿಕ್ಕಿದವರು?

ಈ ಎರಡು ಕಡೆಗೆ ನನ್ನ ಉತ್ತರ ಗಟ್ಟಿ, ಆಫೀಸಿನ ಬದೀಲೇ ಇರಿ. ಸಿಲ್ಕ್ ಬೋರ್ಡಿಂದ ಕೆಆರ್ ಪುರದ ತನಕ ಔಟರ್ ರಿಂಗ್ ರೋಡ್ ಮಧ್ಯೆ ಏರ್‌ಪೋರ್ಟಿಗೆ ಹೋಗೋ ನೀಲಿ ಲೈನಿನ ಕೆಲಸದಿಂದ ರಸ್ತೆ ವರ್ಷಾನುಗಟ್ಲೆ ಕಿರಿದಾಗಿದೆ. ಈ ರಿಂಗ್ ರೋಡಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 500ಡಿ ಬಸ್ ಓಡತ್ತೆ, ಆ ಬಸ್ ಸ್ಟಾಪಿಗೆ ನಡೆಯೋ ದೂರದಲ್ಲಿ, ರಸ್ತೆಯ ಯಾವ ಮಗ್ಗುಲಲ್ಲಿ ಆಫೀಸ್ ಇದೆಯೋ ಅದೇ ಮಗ್ಗುಲಲ್ಲಿ ರೂಮ್ ಹುಡುಕಿ. ಮಾನ್ಯತಾದವರು ಹೆಬ್ಬಾಳ, ಎಚ್‌ಬಿಆರ್ ಲೇಔಟ್, ಥಣಿಸಂದ್ರ ನೋಡ್ಬಹುದು.

## ಏರಿಯಾ ನೋಡೋವಾಗ

ಮನೆ ನೋಡೋಕೆ ಹೋದಾಗ ಮೊದಲು ಏನ್ ಕೇಳ್ಬೇಕು?

ನೀರು. ಬಾಡಿಗೆ ಎಷ್ಟು ಅನ್ನೋದಕ್ಕಿಂತ ಮುಂಚೆ ಇದನ್ನ ಕೇಳಿ.

"ಕಾವೇರಿ ಇದೆಯಾ" ಅಂದ್ರೆ ಎಲ್ಲರೂ ಇದೆ ಅಂತಾರೆ. ವಾರಕ್ಕೆ ಎಷ್ಟು ದಿನ ಬರತ್ತೆ, ಎಷ್ಟು ಹೊತ್ತು ಬರತ್ತೆ, ಸಂಪು ಎಷ್ಟು ದೊಡ್ಡದು, ಆ ಸಂಪಿಗೆ ಎಷ್ಟು ಮನೆ, ಬೋರ್ ಇದೆಯಾ, ಬೇಸಿಗೆಲಿ ಟ್ಯಾಂಕರ್ ಹಾಕಿಸಿದ್ರೆ ದುಡ್ಡು ಯಾರು ಕೊಡೋದು, ಹೀಗೆ ಬಿಡಿಸಿ ಬಿಡಿಸಿ ಕೇಳಿ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಮೇಲೆ ಬರ್ಬೇಕು, ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಹಳೇ ಏರಿಯಾಗಳಿಗೆ ಪೈಪ್ ಹಿಂದಿನಿಂದ್ಲೂ ಇದೆ. 2007ರಲ್ಲಿ ಸಿಟಿಗೆ ಸೇರಿಸಿದ 110 ಹಳ್ಳಿಗಳಿಗೆ, ಅಂದ್ರೆ ಮಹದೇವಪುರ, ಬೊಮ್ಮನಹಳ್ಳಿ, ಯಲಹಂಕ ಸುತ್ತಮುತ್ತಲಿಗೆ, ಕಾವೇರಿ ಐದನೇ ಹಂತ ಬಂದಿದ್ದು 2024ರ ಅಕ್ಟೋಬರಲ್ಲಿ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಆದ್ರೆ ಬೀದಿಲಿ ಪೈಪ್ ಇದ್ರೆ ಸಾಲ್ದು, ಓನರ್ ದುಡ್ಡು ಕಟ್ಟಿ ಕನೆಕ್ಷನ್ ತಗೊಂಡಿರ್ಬೇಕು, ವಾಟರ್ ಬಿಲ್ ತೋರ್ಸಿ ಅಂತ ಕೇಳಿದ್ರೆ ಗೊತ್ತಾಗತ್ತೆ. 2024ರ ಬೇಸಿಗೆಲಿ ಬೋರ್‌ಗಳು ಬತ್ತಿ ಟ್ಯಾಂಕರ್ ರೇಟ್ ಎಷ್ಟು ಏರಿತ್ತು ಅಂದ್ರೆ ಜಿಲ್ಲಾಡಳಿತಾನೇ ಮಧ್ಯ ಬಂದು 12,000 ಲೀಟರಿಗೆ, 5 ಕಿಲೋಮೀಟರ್ ಒಳಗಾದ್ರೆ, 1,000 ರೂಪಾಯಿ ಅಂತ ನಿಗದಿ ಮಾಡ್ಬೇಕಾಯ್ತು.

ಓನರ್ ಏನೇ ಹೇಳ್ಲಿ, ಬಾತ್‌ರೂಮಿಗೆ ಹೋಗಿ ನಲ್ಲಿ ಬುಡ ನೋಡಿ. ಬಿಳಿ ಸುಣ್ಣದ ಥರ ಗಟ್ಟಿಯಾಗಿ ಕೂತಿದ್ರೆ ಅದು ಬೋರ್ ನೀರು, ಅದರಲ್ಲಿ ಬೇಳೆ ಬೇಗ ಬೇಯಲ್ಲ, ಸೋಪು ನೊರೆ ಬರಲ್ಲ. ಆಮೇಲೆ ಬೀದಿ ಕೊನೆಲಿ ಇಸ್ತ್ರಿ ಗಾಡಿಯವರನ್ನ ಕೇಳಿ, ಯಾವ ಮನೆಗೆ ಎಷ್ಟು ಟ್ಯಾಂಕರ್ ಬರತ್ತೆ ಅಂತ ದಿನಾ ನೋಡ್ತಿರೋರು ಅವರೇ.

ಮಳೆಗಾಲದಲ್ಲಿ ಮುಳುಗೋ ಏರಿಯಾ ಅಂತ ಹೇಗೆ ಗೊತ್ತಾಗತ್ತೆ?

ಬೇಸಿಗೆಲಿ ಮನೆ ನೋಡಿದ್ರೆ ಗೊತ್ತೇ ಆಗಲ್ಲ. ಬೆಂಗಳೂರಿನ ಕೆರೆಗಳು ಒಂದಕ್ಕೊಂದು ರಾಜಕಾಲುವೆಲಿ ಸೇರ್ಕೊಂಡಿದ್ವು, ಮೇಲಿನ ಕೆರೆ ತುಂಬಿದ್ರೆ ಕೆಳಗಿನದಕ್ಕೆ ಹೋಗ್ತಿತ್ತು. ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋ ಜಾಗಾನೇ ಧರ್ಮಾಂಬುಧಿ ಕೆರೆ. ಕೆರೆ ಹೋದ್ರೂ ತಗ್ಗು ತಗ್ಗೇ, ನೀರು ಅಲ್ಲಿಗೇ ಬರತ್ತೆ. 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಜನ ಟ್ರ್ಯಾಕ್ಟರಲ್ಲಿ ಆಫೀಸಿಗೆ ಹೋಗಿದ್ದನ್ನ ಎಲ್ಲರೂ ಟಿವಿಲಿ ನೋಡಿದ್ದೀರಿ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮತ್ತೆ ಮುಳುಗ್ತು. ಮ್ಯಾಪಲ್ಲಿ ಹತ್ರದ ಕೆರೆ ಯಾವುದು, ಮನೆ ಅದರ ಕೋಡಿ ಕಡೆಗಿದೆಯಾ ನೋಡಿ. ಮನೆ ಹತ್ರ ಹೋದಾಗ ಕಾಂಪೌಂಡ್ ಗೋಡೆ ಮೇಲೆ ನೀರಿನ ಕಲೆ, ಗೇಟಿಗೆ ಅಡ್ಡ ಕಟ್ಟಿರೋ ಹೊಸ ಸಿಮೆಂಟ್ ಕಟ್ಟೆ ಇದ್ಯಾ ನೋಡಿ. ಗ್ರೌಂಡ್ ಫ್ಲೋರ್ ಬಾಡಿಗೆ ಯಾಕೋ ತುಂಬಾ ಕಮ್ಮಿ ಇದ್ರೆ ಪಕ್ಕದ ಅಂಗಡಿಲಿ ಒಂದು ಮಾತು ಕೇಳಿ.

ನಾನು ಶಿವಮೊಗ್ಗದವ್ನು, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗ್ಲೇಬೇಕು. ಅದನ್ನೂ ನೋಡ್ಬೇಕಾ?

ಖಂಡಿತ ನೋಡ್ಬೇಕು, ಇದನ್ನ ಹೊರ ರಾಜ್ಯದಿಂದ ಬಂದವರು ಯಾರೂ ನಿಮಗೆ ಹೇಳಲ್ಲ. ಶುಕ್ರವಾರ ಸಂಜೆ ಸರ್ಜಾಪುರ ರೋಡಿಂದ ಬಸ್ ಹಿಡಿಯೋಕೆ ಹೊರಟವರು ಮೆಜೆಸ್ಟಿಕ್ ಮುಟ್ಟೋದ್ರೊಳಗೆ ಸುಸ್ತಾಗಿರ್ತಾರೆ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯವರಿಗೆ ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ, ದಾಸರಹಳ್ಳಿ ಅನುಕೂಲ, ಹಸಿರು ಲೈನೂ ಇದೆ, ತುಮಕೂರು ರೋಡೂ ಅದೇ. ಮೈಸೂರು, ಮಂಡ್ಯದವರಿಗೆ ವಿಜಯನಗರ, ಆರ್‌ಆರ್ ನಗರ, ಕೆಂಗೇರಿ, ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಆ ಕಡೆನೇ ಇರೋದು. ಕೋಲಾರದವರು ಕೆಆರ್ ಪುರ ನೋಡಿ. ಅಪ್ಪ ಅಮ್ಮ ಒಂದು ಚೀಲ ಅಕ್ಕಿ, ಉಪ್ಪಿನಕಾಯಿ ಡಬ್ಬ ತಗೊಂಡು ಬೆಳಿಗ್ಗೆ ಐದಕ್ಕೆ ಬಸ್ ಇಳೀತಾರಲ್ಲ, ಅವರನ್ನ ಕರ್ಕೊಂಡು ಬರೋದನ್ನೂ ಒಂದು ಸಲ ಯೋಚನೆ ಮಾಡಿ.

ಕನ್ನಡ ಮಾತಾಡೋರು, ರೊಟ್ಟಿ ಊಟ ಸಿಗೋ ಏರಿಯಾ ಯಾವ್ದು?

ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ, ಹನುಮಂತನಗರ, ಬನಶಂಕರಿ. ಉತ್ತರ ಕರ್ನಾಟಕದವರಿಗೆ ಈ ಪಶ್ಚಿಮದ ಕಡೆ ಖಾನಾವಳಿಗಳು ಸಿಗ್ತಾವೆ, ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಮೊದಲ ಆರು ತಿಂಗಳು ಮನೆ ನೆನಪಾಗಿ ಸಂಕಟ ಆಗತ್ತೆ, ಆಗ ತರಕಾರಿ ಅಂಗಡಿಲಿ "ಏನಪ್ಪಾ ಇವತ್ತು ಲೇಟು" ಅಂತ ಒಬ್ರು ಕೇಳಿದ್ರೆ ಎಷ್ಟೋ ಸಮಾಧಾನ.

ಅಕ್ಕನ ಮಗಳು ಒಬ್ಬಳೇ ಬರ್ತಿದಾಳೆ, ಸೇಫ್ ಏರಿಯಾ ಹೇಳಿ

ಏರಿಯಾ ಹೆಸರು ಹೇಳೋದಕ್ಕಿಂತ ಅವಳು ರಾತ್ರಿ ನಡೆಯೋ ದಾರಿ ಯಾವುದು ಅಂತ ನೋಡೋಣ. ಬಸ್ ಸ್ಟಾಪಿಂದ ಅಥವಾ ಮೆಟ್ರೋದಿಂದ ಮನೆ ತನಕ ರಾತ್ರಿ ಒಂಬತ್ತೂವರೆಗೆ ಅವಳ ಜೊತೆ ನೀವೇ ಒಮ್ಮೆ ನಡೀರಿ. ಬೀದಿ ದೀಪ ಉರೀತಿದ್ಯಾ, ಮೆಡಿಕಲ್ ಶಾಪು, ಬೇಕರಿ ತೆಗೆದಿರತ್ತಾ, ಮಧ್ಯೆ ಖಾಲಿ ಸೈಟುಗಳ ಸಾಲು ಇದ್ಯಾ. ಓನರ್ ಕೆಳಗಡೆ ಇರೋ ಮನೆ ಒಳ್ಳೇದು. ಲೇಟ್ ಶಿಫ್ಟ್ ಇದ್ರೆ ಕಂಪನಿ ಕ್ಯಾಬ್ ಆ ಏರಿಯಾಗೆ ಬರತ್ತಾ ಅಂತ ಮನೆ ಗೊತ್ತು ಮಾಡೋ ಮುಂಚೆನೇ ಕೇಳಿ, ಪಿಜಿ ಗೇಟು ಎಷ್ಟೊತ್ತಿಗೆ ಹಾಕ್ತಾರೆ ಅಂತಾನೂ ಕೇಳಿ. ತುರ್ತಿಗೆ 112. ಶಕ್ತಿ ಯೋಜನೆಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಫ್ರೀ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಇಟ್ಕೊಂಡಿರ್ಬೇಕು, ಎಸಿ ವಜ್ರ ಬಸ್ಸಿಗೆ ಅದು ನಡಿಯಲ್ಲ.

## ದುಡ್ಡು, ಓನರ್, ಕಾಗದ

ಯಾವ ತಿಂಗಳಲ್ಲಿ ಹುಡುಕಿದ್ರೆ ಒಳ್ಳೆ ಮನೆ ಸಿಗತ್ತೆ?

ಆಷಾಢದಲ್ಲಿ. ಸಂಸಾರಸ್ಥರು ಆಷಾಢದಲ್ಲಿ ಹಾಲು ಉಕ್ಕಿಸಲ್ಲ, ಹಾಗಾಗಿ ಮನೆ ಖಾಲಿ ಬಿದ್ದಿರತ್ತೆ, ಓನರ್ ಸ್ವಲ್ಪ ಇಳೀತಾರೆ. ಏಪ್ರಿಲ್, ಮೇ ಸ್ಕೂಲ್ ರಜೆಲಿ ಎಲ್ಲರೂ ಶಿಫ್ಟ್ ಆಗೋ ಟೈಮು, ಆಗ ಚೌಕಾಸಿ ನಡಿಯಲ್ಲ. ಬ್ರೋಕರಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಹೋಗತ್ತೆ, ಅದನ್ನ ಉಳಿಸೋಕೆ ಎರಡು ಭಾನುವಾರ ನಡೆದ್ರೂ ಲಾಭ.

ಓನರ್ "ನೀವು ಯಾವ ಜನ" ಅಂತ ಕೇಳ್ತಾರೆ, ಏನ್ ಹೇಳ್ಲಿ?

ಈ ಪ್ರಶ್ನೆ ಬಂದಾಗ್ಲೆಲ್ಲ ನನಗೆ ಹೊಟ್ಟೆ ಉರಿಯತ್ತೆ. ಜಾತಿ, ಧರ್ಮ, ಮಾಂಸ ತಿಂತೀರಾ, ಬ್ಯಾಚುಲರಾ, ಹೀಗೆ ಒಂದೊಂದೇ ಕೇಳಿ ಕೊನೆಗೆ "ಆಮೇಲೆ ಫೋನ್ ಮಾಡ್ತೀವಿ" ಅಂತಾರೆ. ನನ್ನ ರೂಮ್‌ಮೇಟ್ ಒಬ್ಬ, ಒಳ್ಳೆ ಕೆಲಸದಲ್ಲಿದ್ದವನು, ಹೆಸರು ಕೇಳಿದ ತಕ್ಷಣ ಮನೆ ಇಲ್ಲ ಅನ್ನಿಸ್ಕೊಂಡು ಬಂದಿದ್ದನ್ನ ನಾನೇ ಪಕ್ಕದಲ್ಲಿ ನಿಂತು ನೋಡಿದ್ದೀನಿ, ಅವತ್ತು ರಾತ್ರಿ ಅವನು ಊಟ ಮಾಡ್ಲಿಲ್ಲ. ತಪ್ಪು ನಿಮ್ಮದಲ್ಲ, ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಸುಳ್ಳು ಹೇಳಿ ಸೇರ್ಕೊಂಡ್ರೆ ಪ್ರತಿ ಭಾನುವಾರ ಕಿಟಕಿ ಮುಚ್ಚಿ ಅಡುಗೆ ಮಾಡ್ಬೇಕಾಗತ್ತೆ, ಅಂಥ ಮನೇಲಿ ಉಸಿರು ಕಟ್ಟತ್ತೆ. ಓನರ್ ಅಲ್ಲೇ ವಾಸ ಇಲ್ಲದ ಬಿಲ್ಡಿಂಗು, ಈಗಾಗ್ಲೇ ಹುಡುಗ್ರು ಇರೋ ಮನೇಲಿ ಖಾಲಿಯಾದ ಜಾಗ, ಆಫೀಸ್ ಗ್ರೂಪಲ್ಲಿ ಬರೋ ಫ್ಲಾಟ್‌ಮೇಟ್ ಮೆಸೇಜು, ಇಲ್ಲಿ ಈ ಪ್ರಶ್ನೆ ಕಮ್ಮಿ. ಬಿಟಿಎಂ, ಎಚ್‌ಎಸ್‌ಆರ್, ಮಾರತ್ತಹಳ್ಳಿಲಿ ಬಾಡಿಗೆಗೆ ಅಂತಾನೇ ಕಟ್ಟಿದ ಬಿಲ್ಡಿಂಗ್ ಜಾಸ್ತಿ, ಹಾಗಾಗಿ ಸುಲಭ. ಮನೆ ಖಾಲಿ ಮಾಡೋವಾಗ ಇಂಥ ಸ್ನೇಹಿತರ ಹೆಸರು ನೀವೇ ಓನರಿಗೆ ಹೇಳಿ ಹೋದ್ರೆ ಅವರಿಗೆ ಎಷ್ಟೋ ಉಪಕಾರ ಆಗತ್ತೆ.

ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಿದಾರೆ, ಕೊಡ್ಲೇಬೇಕಾ?

ಹತ್ತು ತಿಂಗಳು ಬೆಂಗಳೂರಿನ ಹಳೇ ರೂಢಿ, ಈಗ ಐದಾರಕ್ಕೆ ಇಳಿಸೋ ಓನರ್‌ಗಳು ಸಿಗ್ತಾರೆ, ಕೇಳೋಕೆ ಸಂಕೋಚ ಬೇಡ. ಕೇಂದ್ರದವರು 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಲಿ ಎರಡೇ ತಿಂಗಳು ಅಂತಿದೆ, ಆದ್ರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ಅದನ್ನ ತೋರ್ಸಿದ್ರೆ ಓನರ್ ಒಪ್ಪಲ್ಲ. ದುಡ್ಡನ್ನ ಬ್ಯಾಂಕ್ ಮೂಲಕವೇ ಹಾಕಿ. ಅಗ್ರಿಮೆಂಟಲ್ಲಿ ಮೂರು ವಿಷಯ ಬರೆಸಿ: ಬಿಡೋವಾಗ ಪೇಂಟಿಂಗಿಗೆ ಎಷ್ಟು ಹಿಡೀತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ವರ್ಷಕ್ಕೆ ಎಷ್ಟು ಪರ್ಸೆಂಟ್ ಏರ್ಸೋದು. ಎಲ್ಲರೂ 11 ತಿಂಗಳಿಗೆ ಮಾಡೋದು ಯಾಕಂದ್ರೆ ವರ್ಷ ಮೀರಿದ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಹತ್ರ ನೋಂದಣಿ ಮಾಡಿಸ್ಬೇಕಾಗತ್ತೆ. ಸಾಮಾನು ಇಳಿಸೋ ಮುಂಚೆ ಖಾಲಿ ಮನೇನ ಮೂಲೆ ಮೂಲೆ ವಿಡಿಯೋ ಮಾಡಿ ಓನರಿಗೆ ವಾಟ್ಸಾಪ್ ಕಳ್ಸಿ.

ಬಾಡಿಗೆ ಮನೆಗೂ ಗೃಹಜ್ಯೋತಿ ಸಿಗತ್ತಾ?

ಸಿಗತ್ತೆ. ಮೀಟರಿನ ಆರ್‌ಆರ್ ನಂಬರ್ ಮತ್ತೆ ಅಗ್ರಿಮೆಂಟ್ ಇದ್ರೆ ಸೇವಾ ಸಿಂಧುಲಿ ಅರ್ಜಿ ಹಾಕ್ಬಹುದು, ಮಿತಿ 200 ಯೂನಿಟ್. ಹಿಂದಿನವರ ಆಧಾರ್ ಅದೇ ನಂಬರಿಗೆ ಸೇರ್ಕೊಂಡಿದ್ರೆ ಮೊದಲು ಅದನ್ನ ತೆಗೆಸ್ಬೇಕು, ನೀವು ಬಿಡೋವಾಗ್ಲೂ ನಿಮ್ಮದನ್ನ ತೆಗೆಸಿ ಹೋಗಿ. ಮನೆಗೊಂದು ಬೇರೆ ಮೀಟರ್ ಇದ್ಯಾ ಅಂತ ಮೊದಲೇ ನೋಡಿ, ನಾಲ್ಕು ಮನೆಗೆ ಒಂದೇ ಮೀಟರ್ ಇರೋ ಕಡೆ ತಿಂಗಳು ತಿಂಗಳು ಜಗಳ.

## ಎರಡು ಮೂರು ವರ್ಷ ಆದವರು ಕೇಳೋದು

ಮದುವೆ ಆಯ್ತು, ನನ್ನ ಆಫೀಸು ಮಾನ್ಯತಾ, ಅವಳದ್ದು ಎಲೆಕ್ಟ್ರಾನಿಕ್ ಸಿಟಿ. ಮಧ್ಯದಲ್ಲಿ ಮನೆ ಮಾಡಿದ್ರೆ ಇಬ್ರಿಗೂ ಸಮ ಅಲ್ವಾ?

ಸಮ ಆಗತ್ತೆ, ಇಬ್ರೂ ಸಮಾಧಾನ ಕಳ್ಕೊಳ್ತೀರಿ. ನಕ್ಷೆಯ ಮಧ್ಯದ ಬಿಂದು ಹುಡುಕ್ಬೇಡಿ. ಯಾರಿಗೆ ವಾರದಲ್ಲಿ ಜಾಸ್ತಿ ದಿನ ಆಫೀಸು, ಯಾರಿಗೆ ಲೇಟ್ ಆಗತ್ತೆ, ಯಾರಿಗೆ ಕಂಪನಿ ಬಸ್ ಇಲ್ಲ, ಅವರಿಗೆ ಹತ್ರ ಮಾಡಿ, ಇನ್ನೊಬ್ರಿಗೆ ಸೀದಾ ಒಂದೇ ವಾಹನದಲ್ಲಿ ಹೋಗೋ ದಾರಿ ಇರ್ಲಿ. ಎಷ್ಟೋ ಮನೆಗಳಲ್ಲಿ ಕೇಳದೇ ಗಂಡನ ಆಫೀಸ್ ಹತ್ರ ಮನೆ ಆಗ್ಬಿಡತ್ತೆ, ಅವಳು ದಿನಾ ಮೂರು ಗಂಟೆ ಓಡಾಡಿ ಬಂದು ಅಡುಗೇನೂ ಮಾಡ್ತಾಳೆ, ಒಂದು ವರ್ಷಕ್ಕೆ ಕೆಲಸಾನೇ ಬಿಡ್ತಾಳೆ. ನಮ್ಮ ಮನೇಲಿ ಹೆಂಡತಿ ಆಫೀಸಿಗೆ ಹತ್ರ ಮಾಡಿದ್ದೀವಿ, ನಾನು ಮೆಟ್ರೋಲಿ 50 ನಿಮಿಷ ಹೋಗ್ತೀನಿ. ನನ್ನ 45 ನಿಮಿಷದ ನಿಯಮ ಮುರಿದಿದ್ದು ಇದೊಂದಕ್ಕೇ.

ಬಾಡಿಗೆ ಬದಲು ಲೀಸಿಗೆ ಹಾಕ್ಕೊಂಡ್ರೆ ದುಡ್ಡು ಉಳಿಯತ್ತೆ ಅಂತಾರೆ?

ಲೀಸ್ ಅಂದ್ರೆ ಹತ್ತು ಹದಿನೈದು ಲಕ್ಷ ಒಂದೇ ಸಲ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡೋವಾಗ ದುಡ್ಡು ವಾಪಸ್ ಪಡೆಯೋದು, ನಮ್ಮ ಕಡೆ ಭೋಗ್ಯ ಅಂತಾರಲ್ಲ ಅದು. ಓನರ್ ಹತ್ರ ಆ ದುಡ್ಡು ಇರಲ್ಲ, ಮುಂದಿನವರು ಬಂದ್ರೆ ಅವರ ದುಡ್ಡಲ್ಲಿ ನಿಮಗೆ ಕೊಡ್ತಾರೆ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಕಂತು ತಪ್ಪಿದ್ರೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸ್ತಾರೆ, ಒಳಗೆ ಇರೋರು ನೀವು. ಮಧ್ಯದಲ್ಲಿ ಒಂದು ಕಂಪನಿ ನಿಂತು ನಿಮ್ಮ ಹತ್ರ ಲೀಸ್ ದುಡ್ಡು ತಗೊಂಡು ಓನರಿಗೆ ತಿಂಗಳ ಬಾಡಿಗೆ ಕೊಡ್ತೀವಿ ಅನ್ನೋ ಲೆಕ್ಕವಂತೂ ಬೇಡವೇ ಬೇಡ, ಅವರು ಬಾಡಿಗೆ ಕೊಡೋದು ನಿಲ್ಲಿಸಿದ ದಿನ ಓನರ್ ನಿಮ್ಮನ್ನ ಹೊರಗೆ ಹೋಗಿ ಅಂತಾರೆ. ಅಪ್ಪ ಅಡಿಕೆ ಮಾರಿದ ದುಡ್ಡು, ಅಮ್ಮನ ಒಡವೆ ದುಡ್ಡು ಇದಕ್ಕೆ ಹಾಕ್ಬೇಡಿ. ಹಾಕ್ಲೇಬೇಕು ಅಂತಿದ್ರೆ ಓನರ್ ಜೊತೆ ನೇರವಾಗಿ ಮಾತಾಡಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಆ ಮನೆಯ ಇಸಿ (ಋಣಭಾರ ಪತ್ರ) ತೆಗೆಸಿ ಸಾಲ ಇದ್ಯಾ ನೋಡಿ, ಕರಾರನ್ನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸಿ. ನೋಂದಣಿಗೆ ಓನರ್ ಹಿಂದೆ ಮುಂದೆ ನೋಡಿದ್ರೆ ಅಲ್ಲಿಂದ ಎದ್ದು ಬನ್ನಿ.